ಬೇರೆ ಹೆಸರಲ್ಲಿ ಬದುಕಿದ ಬಳ್ಳಿ

ಚಿಲಿ ದೇಶದ ಕೆಂಪು ವೈನ್‌ಗಳಲ್ಲಿ ಇವತ್ತು ಆ ದೇಶದ ಗುರುತೆಂದೇ ಹೆಸರಾಗಿರುವುದು ಕಾರ್ಮೆನೇರ್. ಅಲ್ಲಿನ ಸುಮಾರು 10,000 ಹೆಕ್ಟೇರ್ ನೆಲದಲ್ಲಿ ಈ ದ್ರಾಕ್ಷಿ ಬೆಳೆಯುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೂ ಚಿಲಿಯ ಸರ್ಕಾರಿ ತಳಿಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ. ಬಳ್ಳಿ ಇತ್ತು, ಹಣ್ಣು ಇತ್ತು, ಅದರಿಂದ ತೆಗೆದ ವೈನು ಹಡಗು ಹತ್ತಿ ಹೊರದೇಶಗಳಿಗೂ ಹೋಗುತ್ತಿತ್ತು. ಅದೆಲ್ಲವೂ ನಡೆಯುತ್ತಿದ್ದದ್ದು ಮೆರ್ಲೊ ಎಂಬ ಇನ್ನೊಂದು ದ್ರಾಕ್ಷಿಯ ಹೆಸರಿನಲ್ಲಿ.

ವೈನ್ ಮಾರುವವರು ಈ ಕಥೆಯನ್ನು ಜಾತ್ರೆಯಲ್ಲಿ ಕಳೆದುಹೋದ ಮಗು ವರ್ಷಗಳ ಮೇಲೆ ಸಿಕ್ಕ ಹಾಗೆ ಹೇಳುತ್ತಾರೆ. ಫ್ರಾನ್ಸಿನಲ್ಲಿ ಅಳಿದುಹೋದ ದ್ರಾಕ್ಷಿ, ಭೂಮಿಯ ಇನ್ನೊಂದು ತುದಿಯಲ್ಲಿ ಅಡಗಿ ಕೂತಿದ್ದು, ಕೊನೆಗೊಬ್ಬ ತಜ್ಞನ ಕಣ್ಣಿಗೆ ಬಿದ್ದದ್ದು. ಕೇಳಲು ಸೊಗಸಾದ ಕಥೆ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಇಲ್ಲಿ ಎರಡು ಪ್ರಶ್ನೆಗಳು ಎದುರಾಗುತ್ತವೆ. ಹೆಸರು ತಪ್ಪಿದರೆ ನಿಜಕ್ಕೂ ಆಗುವ ನಷ್ಟವೇನು? ದಿನಬೆಳಗಾದರೆ ಆ ಬಳ್ಳಿಯನ್ನು ಮುಟ್ಟಿ, ಕತ್ತರಿಸಿ, ಕಟ್ಟುತ್ತಿದ್ದ ತೋಟದ ಮಂದಿಗೆ ಇದು ಬೇರೆಯದೆಂದು ಗೊತ್ತೇ ಇರಲಿಲ್ಲವೇ?

ಬಳ್ಳಿಯ ತವರಿನಿಂದ ಶುರುಮಾಡೋಣ. ಫ್ರಾನ್ಸಿನ ನೈಋತ್ಯಕ್ಕೆ ಬೋರ್ಡೊ ಪಟ್ಟಣ. ಅದರ ಉತ್ತರಕ್ಕೆ, ಅಳಿವೆಯ ಎಡದಂಡೆಯಲ್ಲಿ ಮೆಡಾಕ್ ಎಂಬ ಸೀಮೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ತೋಟಗಳಲ್ಲಿ ಕಾರ್ಮೆನೇರ್ ಮರ್ಯಾದೆಯ ಬಳ್ಳಿಯಾಗಿತ್ತು. ಕಡುಗೆಂಪು ಬಣ್ಣಕ್ಕೆ ಫ್ರೆಂಚಿನಲ್ಲಿ ಕಾರ್ಮಿನ್ ಎನ್ನುತ್ತಾರೆ. ಶರತ್ಕಾಲದಲ್ಲಿ ಎಲೆಗಳೆಲ್ಲ ಆ ಬಣ್ಣಕ್ಕೆ ತಿರುಗುವುದರಿಂದ ಬಳ್ಳಿಗೂ ಆ ಹೆಸರು ಬಂದಿತೆನ್ನುತ್ತಾರೆ. ಈಚಿನ ಡಿಎನ್‌ಎ ಪರೀಕ್ಷೆಗಳು ಇದರ ವಂಶವನ್ನೂ ಬಿಡಿಸಿಟ್ಟಿವೆ. ಇದರ ಹೆತ್ತವರಲ್ಲಿ ಒಂದು ಕ್ಯಾಬರ್ನೆ ಫ್ರಾಂ. ಮೆರ್ಲೊ, ಕ್ಯಾಬರ್ನೆ ಸೊವಿನ್ಯೊಂಗಳೂ ಅದೇ ಬಳ್ಳಿಯ ಮಕ್ಕಳು. ಹಾಗಾಗಿ ಮೆರ್ಲೊ ಮತ್ತು ಕಾರ್ಮೆನೇರ್ ಮಲಸಹೋದರರು. ಮುಖಚಹರೆ ಹೊಂದಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಕಾರ್ಮೆನೇರ್‌ಗೆ ಒಂದು ದೊಡ್ಡ ದೋಷವಿತ್ತು. ಹೂ ಬಿಡುವ ಹೊತ್ತಿಗೆ ಮಳೆ ಬಂದರೆ, ಚಳಿ ಹಿಡಿದರೆ, ಹೂವೆಲ್ಲ ಉದುರಿ ಕಾಯಿ ಕಚ್ಚುತ್ತಿರಲಿಲ್ಲ. ಅಟ್ಲಾಂಟಿಕ್ ಸಾಗರದ ಮಗ್ಗುಲಿನ ಬೋರ್ಡೊದಲ್ಲಿ ವಸಂತದ ಮಳೆ ಅಪರೂಪವಲ್ಲ. ಮೇಲಾಗಿ ಹಣ್ಣು ಮಾಗುವುದೂ ತಡ. ಒಳ್ಳೆಯ ವೈನಿನ ಆಸೆಗೆ ಬೆಳೆಗಾರರು ಇದೆಲ್ಲವನ್ನೂ ಸಹಿಸಿಕೊಂಡಿದ್ದರು.

ಸರಿಸುಮಾರು ಇದೇ ಕಾಲಕ್ಕೆ ಚಿಲಿಯಲ್ಲಿ ಬೇರೊಂದು ಬಗೆಯ ಸಂಪತ್ತು ನೆಲದಿಂದ ಎದ್ದು ಬರುತ್ತಿತ್ತು. 1832ರಲ್ಲಿ ಉತ್ತರದ ಚಾನ್ಯಾರ್ಸಿಯೊದಲ್ಲಿ ಬೆಳ್ಳಿಯ ಗಣಿ ಸಿಕ್ಕಿತು; ತಾಮ್ರ, ಕಲ್ಲಿದ್ದಲುಗಳೂ ಸೇರಿಕೊಂಡವು. ಗಣಿಯಲ್ಲಿ ಹಣ ಮಾಡಿದ ಕುಟುಂಬಗಳು ರಾಜಧಾನಿ ಸ್ಯಾಂಟಿಯಾಗೊದ ಸುತ್ತ ಜಮೀನು ಕೊಂಡು, ಫ್ರೆಂಚ್ ಮಾದರಿಯ ಬಂಗಲೆ ಕಟ್ಟಿಸಿ, ಮಕ್ಕಳನ್ನು ಪ್ಯಾರಿಸ್ಸಿಗೆ ಕಳಿಸಿದವು. ಅವರಿಗೆ ಹಳೆಯ ಚಿಲಿಯ ವೈನು ರುಚಿಸಲಿಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಪಾದ್ರಿಗಳು ಚರ್ಚಿನ ಪೂಜೆಗೆಂದು ತಂದ ಪಯೀಸ್ ಎಂಬ ದ್ರಾಕ್ಷಿಯೇ ಅದುವರೆಗೆ ಅಲ್ಲಿನ ಮುಖ್ಯ ಬೆಳೆ. ಅದು ಬಡವರ ವೈನು, ಹಳ್ಳಿಯ ವೈನು. ಹೊಸ ಶ್ರೀಮಂತರ ಮೇಜಿಗೆ ಬೋರ್ಡೊ ಬೇಕಿತ್ತು.

ಫ್ರೆಂಚ್ ಬಳ್ಳಿಗಳನ್ನು ಚಿಲಿಯಲ್ಲಿ ಬೆಳೆಸಿ ನೋಡುವ ಪ್ರಯೋಗಕ್ಕೆ ದಾರಿ ತೋರಿದವನು ಕ್ಲೋದ್ ಗೇ ಎಂಬ ಫ್ರೆಂಚ್ ನಿಸರ್ಗಶಾಸ್ತ್ರಜ್ಞ. ಸ್ಯಾಂಟಿಯಾಗೊದ ಕ್ವಿಂತಾ ನೊರ್ಮಾಲ್ ಎಂಬ ಸರ್ಕಾರಿ ಸಸ್ಯಕ್ಷೇತ್ರ ಆ ಪ್ರಯೋಗದ ನೆಲೆಯಾಯಿತು. 1851ರಲ್ಲಿ ಸಿಲ್ವೆಸ್ತ್ರೆ ಒಚಗಾವಿಯಾ ಎಂಬ ಜಮೀನ್ದಾರ ಬೋರ್ಡೊದ ತಳಿಗಳನ್ನೂ ಅವುಗಳನ್ನು ನೋಡಿಕೊಳ್ಳಲು ಒಬ್ಬ ಫ್ರೆಂಚ್ ಕೃಷಿತಜ್ಞನನ್ನೂ ತರಿಸಿಕೊಂಡ. ಅವನನ್ನು ಹಿಂಬಾಲಿಸಿ ಮೈಪೊ ಕಣಿವೆಯ ಉಳಿದ ಶ್ರೀಮಂತರೂ ತರಿಸಿದರು. ಈ ಬಳ್ಳಿಗಳ ಜೊತೆಗೆ ಕಾರ್ಮೆನೇರ್ ಕೂಡ ಬಂದಿಳಿಯಿತು. ಆಗಿನ ತೋಟಗಳಲ್ಲಿ ಒಂದೊಂದು ಸಾಲಿಗೂ ಒಂದೊಂದು ತಳಿ ಎಂಬ ಕಟ್ಟುನಿಟ್ಟಿರಲಿಲ್ಲ; ಬೆರೆಸಿ ನೆಟ್ಟು, ಬೆರೆಸಿ ಕೊಯ್ದು, ಬೆರೆಸಿಯೇ ವೈನು ಮಾಡುತ್ತಿದ್ದರು. ಹಾಗಾಗಿ ಯಾವ ಬಳ್ಳಿಯ ಹೆಸರೇನು ಎಂದು ಬಳ್ಳಿಬಳ್ಳಿಗೂ ಕೇಳುವ ಅಗತ್ಯ ಬೀಳಲಿಲ್ಲ.

ಆಮೇಲೆ ಯುರೋಪಿಗೆ ಮಾರಿ ಬಂತು. ಫಿಲಾಕ್ಸೆರಾ ಎಂಬುದು ದ್ರಾಕ್ಷಿಯ ಬೇರಿನ ರಸ ಹೀರುವ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಹೇನು. ಉತ್ತರ ಅಮೆರಿಕದಿಂದ ತರಿಸಿಕೊಂಡ ಬಳ್ಳಿಗಳ ಬೇರಿನಲ್ಲಿ ಕೂತು ಅದು ಅಟ್ಲಾಂಟಿಕ್ ದಾಟಿತು. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಮೊಂಪೆಲಿಯೆ ಪಟ್ಟಣದ ಸಸ್ಯಶಾಸ್ತ್ರಜ್ಞ ಜೂಲ್ ಎಮಿಲ್ ಪ್ಲಾಂಶೋನ್ ಮತ್ತು ಸಂಗಡಿಗರು ಬೇರು ಅಗೆದು ಈ ಹೇನನ್ನು ಪತ್ತೆಮಾಡಿದರು. ಔಷಧ ಮಾತ್ರ ಸಿಗಲಿಲ್ಲ. ಅಮೆರಿಕದ ಬಳ್ಳಿಗಳ ಬೇರು ಈ ಹೇನನ್ನು ತಾಳಿಕೊಳ್ಳುತ್ತಿತ್ತು. ಅದರ ಬುಡದ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದೊಂದೇ ಉಳಿದ ದಾರಿಯಾಯಿತು. ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಡಾಗ್ರಿಜ್ ಬುಡಕ್ಕೆ ಕಸಿ ಕಟ್ಟುತ್ತಾರಲ್ಲ, ಆ ಡಾಗ್ರಿಜ್ ಕೂಡ ಅಮೆರಿಕದ ಮೂಲದ್ದೇ. ಅಲ್ಲಿ ಹೇನಿಗೆ ಹೂಡಿದ ಉಪಾಯವೇ ಇಲ್ಲಿ ಉಪ್ಪುನೀರಿಗೂ ಬರಕ್ಕೂ ಒದಗಿದೆ.

ಇಡೀ ತೋಟವನ್ನು ಕಿತ್ತು ಮತ್ತೆ ನೆಡಬೇಕಾದ ರೈತ ಯಾವ ಬಳ್ಳಿಯನ್ನು ಆರಿಸಿಕೊಳ್ಳುತ್ತಾನೆ? ಸಾಲ ತೀರಿಸಿಕೊಡುವ ಬಳ್ಳಿಯನ್ನು. ವರ್ಷಬಿಟ್ಟು ವರ್ಷ ಹೂ ಉದುರಿಸುವ ಕಾರ್ಮೆನೇರ್‌ಗೆ ಆ ಹೊಸ ತೋಟಗಳಲ್ಲಿ ಜಾಗ ಸಿಗಲಿಲ್ಲ. ಮೆರ್ಲೊ, ಕ್ಯಾಬರ್ನೆಗಳು ಬಂದವು. ಅದು ಪೂರ್ತಿ ಅಳಿದುಹೋಯಿತೆಂಬುದು ಅತಿಶಯೋಕ್ತಿ. ಸಂಶೋಧನಾ ಕೇಂದ್ರಗಳ ತಳಿಸಂಗ್ರಹದಲ್ಲಿ, ಅಲ್ಲೊಂದು ಇಲ್ಲೊಂದು ತುಂಡು ನೆಲದಲ್ಲಿ ಅದು ಉಳಿದುಕೊಂಡಿತ್ತು. ಬೋರ್ಡೊದ ನಿಯಮಾವಳಿ ಇವತ್ತಿಗೂ ಅದನ್ನು ಒಪ್ಪಿತ ಕೆಂಪು ತಳಿಗಳಲ್ಲಿ ಎಣಿಸುತ್ತದೆ. ಅದು ಮರೆಯಾದದ್ದು ಹೇನಿನಿಂದಲೂ ಹೌದು, ರೈತನ ಲೆಕ್ಕಾಚಾರದಿಂದಲೂ ಹೌದು.

ಚಿಲಿಗೆ ಈ ಹೇನು ಹೋಗಲೇ ಇಲ್ಲ. ಪೂರ್ವಕ್ಕೆ ಆಂಡಿಸ್ ಪರ್ವತ, ಪಶ್ಚಿಮಕ್ಕೆ ಶಾಂತಸಾಗರ, ಉತ್ತರಕ್ಕೆ ಅಟಕಾಮ ಮರುಭೂಮಿ, ದಕ್ಷಿಣಕ್ಕೆ ಹಿಮ. ಈ ನಾಲ್ಕು ಗೋಡೆಗಳ ನಡುವೆ ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೇ ಉಳಿದವು. ಹವೆಯೂ ಒಲಿಯಿತು. ನಡುಚಿಲಿಯಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ. ಹೂ ಬಿಡುವ ವಸಂತದ ಕೊನೆ ಮತ್ತು ಮಾಗುವ ಬೇಸಿಗೆ ಒಣಹವೆ. ಆಂಡಿಸ್‌ನ ಹಿಮ ಕರಗಿ ಬಂದ ನೀರು ಕಾಲುವೆಗಳಲ್ಲಿ ತೋಟ ಸೇರುತ್ತದೆ. ಬೋರ್ಡೊದಲ್ಲಿ ಈ ಬಳ್ಳಿಗೆ ಶಾಪವಾಗಿದ್ದ ಎರಡು ಗುಣಗಳು, ಹೂ ಉದುರುವುದು ಮತ್ತು ತಡವಾಗಿ ಮಾಗುವುದು, ಇಲ್ಲಿ ಅಷ್ಟಾಗಿ ಕಾಡಲಿಲ್ಲ.

ಈ ತೋಟಗಳಲ್ಲಿ ದುಡಿದವರನ್ನು ಇಂಕಿಲಿನೊ ಎಂದು ಕರೆಯುತ್ತಿದ್ದರು. ಜಮೀನ್ದಾರನ ನೆಲದಲ್ಲೇ ಗುಡಿಸಲು, ಒಂದು ತುಂಡು ಭೂಮಿ, ಒಂದಿಷ್ಟು ರೊಟ್ಟಿ. ಅದಕ್ಕೆ ಬದಲಾಗಿ ಮನೆಮಂದಿಯ ದುಡಿಮೆ. ತಲೆಮಾರುಗಟ್ಟಲೆ ಒಂದೇ ತೋಟದಲ್ಲಿ ಬದುಕಿದ ಕುಟುಂಬಗಳಿವು. 1960ರ ದಶಕದಲ್ಲಿ ಶುರುವಾಗಿ 1967ರ ಕಾಯ್ದೆಯಿಂದ ಬಿರುಸಾದ ಭೂಸುಧಾರಣೆ ಈ ವ್ಯವಸ್ಥೆಯನ್ನು ಮುರಿಯಿತು. 1973ರ ಸೆಪ್ಟೆಂಬರ್ 11ರ ಸೇನಾಕ್ರಾಂತಿ ಆ ಸುಧಾರಣೆಯನ್ನೇ ತಿರುಗಿಸಿ ಹಾಕಿತು. ಇಷ್ಟೆಲ್ಲ ಏರಿಳಿತಗಳಲ್ಲಿ ತೋಟದ ಯಜಮಾನರು ಬದಲಾದರು, ಸರ್ಕಾರಗಳು ಬದಲಾದವು. ಬಳ್ಳಿ ಕತ್ತರಿಸುವ, ಕಟ್ಟುವ, ಗೊಂಚಲು ಕೊಯ್ಯುವ ಕೆಲಸ ಮಾತ್ರ ಬಡವರ ಕೈಯಲ್ಲೇ ಉಳಿಯಿತು.

ಆ ಕೈಗಳಿಗೆ ವ್ಯತ್ಯಾಸ ಗೊತ್ತಾಗಿತ್ತು. ಚಿಲಿಯ ಬೆಳೆಗಾರರಲ್ಲಿ "ಮೆರ್ಲೊ ಚಿಲೆನೊ" ಎಂಬ ಮಾತು ಬಳಕೆಯಲ್ಲಿತ್ತು. ಎಂದರೆ ಚಿಲಿಯ ಮೆರ್ಲೊ. ಫ್ರಾನ್ಸಿನ ಮೆರ್ಲೊಗಿಂತ ಇದು ವಾರಗಟ್ಟಲೆ ತಡವಾಗಿ ಮಾಗುತ್ತದೆ; ಇದರ ಎಳೆಯ ಎಲೆಯ ಹಿಂಬದಿಯಲ್ಲಿ ಕೆಂಪಿನ ಛಾಯೆಯಿದ್ದರೆ ಮೆರ್ಲೊದ್ದು ಬಿಳಿಚಿಕೊಂಡಿರುತ್ತದೆ; ಶರತ್ಕಾಲದಲ್ಲಿ ಇದರ ಸಾಲುಗಳು ಉರಿಯುವಂತೆ ಕೆಂಪಾಗುತ್ತವೆ. ಇಷ್ಟನ್ನು ಕಾಣಲು ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ. ಕಂಡದ್ದನ್ನು ಪಟ್ಟಿಗೆ ಏರಿಸುವ ಅಧಿಕಾರ ಬೇಕು. ಅದು ಅವರ ಬಳಿ ಇರಲಿಲ್ಲ.

ಇನ್ನು ನಷ್ಟದ ಪ್ರಶ್ನೆ. 1980ರ ದಶಕದಿಂದ ಚಿಲಿ ವೈನ್ ರಫ್ತಿಗೆ ಇಳಿಯಿತು. ತುಕ್ಕುಹಿಡಿಯದ ಉಕ್ಕಿನ ತೊಟ್ಟಿಗಳು ಬಂದವು, ಹೊಸ ತೋಟಗಳು ಎದ್ದವು, ಹಳೆಯ ತೋಟದ ಕಡ್ಡಿಗಳನ್ನೇ ಮೆರ್ಲೊ ಎಂದು ತಂದು ನೆಟ್ಟರು. ಹೊರದೇಶದ ಗಿರಾಕಿಗೆ ಬಾಟಲಿಯ ಮೇಲೆ ಒಂದೇ ದ್ರಾಕ್ಷಿಯ ಹೆಸರು ಬೇಕು. ಮೆರ್ಲೊ ಎಂದು ಬರೆದರೆ ಮೆರ್ಲೊ ಹಣ್ಣಾದ ದಿನವೇ ಕೊಯ್ಯಬೇಕು. ಆದರೆ ಸಾಲಿನಲ್ಲಿ ಅದರ ಪಕ್ಕದಲ್ಲಿದ್ದ ಕಾರ್ಮೆನೇರ್ ಮಾಗಲು ಇನ್ನೂ ಮೂರು ನಾಲ್ಕು ವಾರ ಬೇಕಿತ್ತು. ಹಣ್ಣು, ಕಾಯಿ ಎರಡೂ ಒಂದೇ ತೊಟ್ಟಿಗೆ ಬಿದ್ದವು. ಆ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ಘಾಟು ಹೊಡೆಯುತ್ತಿತ್ತು. ಇದು ಹೋಲಿಕೆಯ ಮಾತಲ್ಲ. ದೊಣ್ಣೆಮೆಣಸಿನಕಾಯಿಗೆ ಅದರ ವಾಸನೆ ಕೊಡುವುದು ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕ. ಕಾರ್ಮೆನೇರ್ ಕಾಯಿಯಲ್ಲೂ ಅದೇ ಇದೆ, ಬಿಸಿಲುಂಡು ಹಣ್ಣು ಮಾಗಿದಂತೆ ಅದು ಇಳಿಯುತ್ತದೆ. ಚಿಲಿಯ ಮೆರ್ಲೊಗೆ ಅದೇನೋ ಹಸಿರು ರುಚಿ ಎಂದು ಹೊರಗಿನ ವಿಮರ್ಶಕರು ಬರೆದರು. ಮಣ್ಣಿನ ಗುಣವಿರಬೇಕೆಂದು ಕೆಲವರು ಅಂದುಕೊಂಡರು. ಮಣ್ಣಿನದು ತಪ್ಪಿರಲಿಲ್ಲ, ಕೊಯ್ಲಿನ ದಿನದ್ದು ತಪ್ಪು. ಕೊಯ್ಲಿನ ದಿನ ನಿಶ್ಚಯಿಸಿದ್ದು ಹೆಸರು. ತಪ್ಪು ಹೆಸರು ತಪ್ಪು ಪಂಚಾಂಗವನ್ನು ಕೊಟ್ಟಿತ್ತು.

1991ರಲ್ಲಿ ಫ್ರಾನ್ಸಿನ ದ್ರಾಕ್ಷಿತಜ್ಞ ಕ್ಲೋದ್ ವಾಲಾ ಚಿಲಿಗೆ ಬಂದಾಗಲೇ ಇಲ್ಲಿನ ಮೆರ್ಲೊ ಎಲ್ಲವೂ ಮೆರ್ಲೊ ಅಲ್ಲ ಎಂಬ ಶಂಕೆ ಎದ್ದಿತ್ತು. 1994ರ ನವೆಂಬರ್‌ನಲ್ಲಿ ದ್ರಾಕ್ಷಿ ಮತ್ತು ವೈನ್ ಕುರಿತ ಲ್ಯಾಟಿನ್ ಅಮೆರಿಕದ ಸಮ್ಮೇಳನವೊಂದು ಚಿಲಿಯಲ್ಲಿ ನಡೆಯಿತು. ಅದಕ್ಕೆ ಬಂದವರಲ್ಲಿ ಝಾನ್ ಮಿಶೆಲ್ ಬೂರ್ಸಿಕೋ ಒಬ್ಬರು. ಪ್ಲಾಂಶೋನ್‌ನ ಊರಾದ ಅದೇ ಮೊಂಪೆಲಿಯೆಯಲ್ಲಿ ಪಾಠ ಹೇಳುತ್ತಿದ್ದ ಇವರು ಆಂಪೆಲೊಗ್ರಫಿ ಎಂಬ ವಿದ್ಯೆಯಲ್ಲಿ ಪಳಗಿದವರು. ಎಲೆಯ ಅಂಚು, ನರ, ಕುಡಿಯ ರೋಮ, ಹೂವಿನ ರಚನೆ ನೋಡಿ ದ್ರಾಕ್ಷಿಯ ತಳಿ ಗುರುತಿಸುವ ವಿದ್ಯೆ ಅದು. ಹಸ್ತಪ್ರತಿಯ ಅಕ್ಷರ ನೋಡಿ ಕಾಲ ನಿರ್ಣಯಿಸುವ ಲಿಪಿಶಾಸ್ತ್ರಕ್ಕೆ ಹತ್ತಿರದ್ದು ಎನ್ನಬಹುದು. ನವೆಂಬರ್ 24ರಂದು ಮೈಪೊ ಕಣಿವೆಯ ವಿನ್ಯಾ ಕಾರ್ಮೆನ್ ತೋಟದಲ್ಲಿ ಮೆರ್ಲೊ ಎಂದು ತೋರಿಸಿದ ಸಾಲಿನ ಮುಂದೆ ಅವರು ನಿಂತರು. ದಕ್ಷಿಣಾರ್ಧಗೋಳದಲ್ಲಿ ಅದು ಹೂವಿನ ಕಾಲ. ಹೂವಿನ ಕೇಸರಗಳು ತಿರುಚಿಕೊಂಡಿದ್ದವು. ಮೆರ್ಲೊದಲ್ಲಿ ಹಾಗಿರುವುದಿಲ್ಲ. ಇದು ಕಾರ್ಮೆನೇರ್ ಎಂದರು. ಮುಂದೆ ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು.

ಹೆಸರು ಸಿಕ್ಕ ಕೂಡಲೇ ಹಬ್ಬವೇನೂ ಆಗಲಿಲ್ಲ. ಚಿಲಿಯ ಮೆರ್ಲೊ ಹೊರದೇಶದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಇಷ್ಟು ದಿನ ಕೊಟ್ಟದ್ದು ಮೆರ್ಲೊ ಅಲ್ಲ ಎಂದು ಗಿರಾಕಿಗೆ ಹೇಳುವುದು ಹೇಗೆ? ಯಾರೂ ಕೇಳರಿಯದ ದ್ರಾಕ್ಷಿಯ ಹೆಸರಿನಲ್ಲಿ ಬಾಟಲಿ ಮಾರುವುದು ಹೇಗೆ? ವಿನ್ಯಾ ಕಾರ್ಮೆನ್ ಮೊದಲಿಗೆ ಇದನ್ನು "ಗ್ರಾಂದ್ ವಿದ್ಯೂರ್" ಎಂಬ ಬೋರ್ಡೊದ ಹಳೆಯ ಪರ್ಯಾಯ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಸರ್ಕಾರದ ಮುದ್ರೆ ಬಿದ್ದದ್ದು 1998ರಲ್ಲಿ. ಆಗ ಕಾರ್ಮೆನೇರ್ ಪ್ರತ್ಯೇಕ ತಳಿಯೆಂದು ದಾಖಲಾಯಿತು. ಅಲ್ಲಿಂದ ಮುಂದೆ ತೋಟಗಳಲ್ಲಿ ಬಳ್ಳಿಬಳ್ಳಿಯನ್ನೂ ನೋಡಿ ಬೇರ್ಪಡಿಸುವ ಕೆಲಸ ಶುರುವಾಯಿತು. ಇಲ್ಲಿ ಅಂಕಿಅಂಶ ಓದುವವರು ಕೊಂಚ ಎಚ್ಚರದಿಂದಿರಬೇಕು. ಆ ವರ್ಷಗಳ ಪಟ್ಟಿಗಳಲ್ಲಿ ಕಾರ್ಮೆನೇರ್‌ನ ವಿಸ್ತೀರ್ಣ ಭರದಿಂದ ಏರುತ್ತದೆ. ಆ ಏರಿಕೆಯಲ್ಲಿ ಹೊಸದಾಗಿ ನೆಟ್ಟದ್ದು ಒಂದು ಪಾಲು. ಮೊದಲೇ ಇದ್ದ ಬಳ್ಳಿಯ ಹೆಸರನ್ನು ಕಾಗದದಲ್ಲಿ ತಿದ್ದಿದ್ದು ಇನ್ನೊಂದು ಪಾಲು.

ಚಿಲಿಯೊಂದರಲ್ಲೇ ಹೀಗಾದದ್ದಲ್ಲ. ಇಟಲಿಯ ಈಶಾನ್ಯದಲ್ಲಿ ಕ್ಯಾಬರ್ನೆ ಫ್ರಾಂ ಎಂದು ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ಕಾರ್ಮೆನೇರ್ ಎಂದು ತಿಳಿಯಿತು. ಚೀನಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೋಗಿ ಬೇರೂರಿದ ಕ್ಯಾಬರ್ನೆ ಗರ್ನಿಷ್ಟ್ ಎಂಬುದೂ ಪರೀಕ್ಷೆಯಲ್ಲಿ ಕಾರ್ಮೆನೇರ್ ಆಗಿಯೇ ಹೊರಬಿತ್ತು. ನಮ್ಮಲ್ಲೂ ಇಂಥದೊಂದು ಉದಾಹರಣೆಯಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಚಪ್ಪರದಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಅಂತರರಾಷ್ಟ್ರೀಯ ತಳಿಪಟ್ಟಿಗಳು ಇಸಾಬೆಲ್ಲಾ ಎಂಬ ಅಮೆರಿಕನ್ ಮೂಲದ ತಳಿಯ ಇನ್ನೊಂದು ಹೆಸರೆಂದು ನಮೂದಿಸುತ್ತವೆ. ನಾವು ಅದಕ್ಕೆ ನಮ್ಮ ಊರಿನ ಹೆಸರಿಟ್ಟೆವು. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಇದನ್ನು ತಪ್ಪು ಹೆಸರೆನ್ನಬೇಕೇ? ಅದನ್ನು ಬೆಳೆಯುವವರಿಗೆ ಅದರ ಹೂವು, ಹಣ್ಣು, ರೋಗ, ಕೊಯ್ಲು ಎಲ್ಲ ಆ ಹೆಸರಿನಲ್ಲೇ ಗೊತ್ತು. ಬಳ್ಳಿಯನ್ನು ಸರಿಯಾಗಿ ನೋಡಿಕೊಳ್ಳಲು ನೆರವಾಗುವ ಹೆಸರು ಹೊರಗಿನ ಪಟ್ಟಿಯಲ್ಲಿ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಚಿಲಿಯಲ್ಲಿ ಮೆರ್ಲೊ ಎಂಬ ಹೆಸರು ಸೋತದ್ದು ಅಲ್ಲೇ. ಅದನ್ನು ನಂಬಿ ಕೊಯ್ದರೆ ಹಣ್ಣು ಕೆಡುತ್ತಿತ್ತು.

ತಡವಾಗಿ ಕೊಯ್ಯಲು ಕಲಿತ ಮೇಲೆ ಈ ವೈನಿನ ಸ್ವಭಾವ ತೆರೆದುಕೊಂಡಿತು. ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಕೊಯ್ದ ಕಾರ್ಮೆನೇರ್ ಕಡುನೇರಳೆ ಬಣ್ಣದ್ದು. ಒಗರು ಮೆತ್ತಗೆ, ಹುಳಿ ಕಡಿಮೆ. ಕಪ್ಪು ಹಣ್ಣುಗಳ ರುಚಿಯ ಜೊತೆಗೆ ಕರಿಮೆಣಸು, ತುಸು ಹೊಗೆ, ಹಿಂದೆಲ್ಲೋ ಸುಟ್ಟ ದೊಣ್ಣೆಮೆಣಸಿನಕಾಯಿಯ ನೆನಪು. ಸ್ಯಾಂಟಿಯಾಗೊದ ದಕ್ಷಿಣಕ್ಕೆ ಕಾಚಪೊವಾಲ್ ನದಿಯ ದಂಡೆಯ ಪೆಉಮೊ ಎಂಬ ಊರಿನ ಜೇಡಿಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲೂ ಹದವಾಗಿರುತ್ತದೆ. ತಡವಾಗಿ ಮಾಗುವ ಬಳ್ಳಿಗೆ ಇಂಥ ನೆಲವೇ ಬೇಕು. ಪಕ್ಕದ ಕೊಲ್ಚಾಗುವಾ ಕಣಿವೆಯೂ ಈ ವೈನಿಗೆ ಹೆಸರಾಗಿದೆ.

ಊಟದ ಮೇಜಿನಲ್ಲಿ ಈ ವೈನಿನ ಜೊತೆ ಏನು ಹೊಂದುತ್ತದೆ ಎಂದು ಕೇಳಿದರೆ ಚಿಲಿಯವರು ಮೊದಲು ಹೇಳುವ ತಿನಿಸುಗಳಲ್ಲಿ ಪಸ್ತೆಲ್ ದೆ ಚೊಕ್ಲೊ ಒಂದು. ಕೊಚ್ಚಿದ ಮಾಂಸವನ್ನು ಈರುಳ್ಳಿ, ಜೀರಿಗೆಯೊಂದಿಗೆ ಬೇಯಿಸಿ ಮಣ್ಣಿನ ಬಟ್ಟಲಿಗೆ ಹಾಕುತ್ತಾರೆ. ಮೇಲೆ ಬೆಂದ ಮೊಟ್ಟೆ, ಆಲಿವ್ ಕಾಯಿ, ಒಣದ್ರಾಕ್ಷಿ, ಕೋಳಿಯ ತುಂಡು. ಅದರ ಮೇಲೆ ಹಸಿ ಮೆಕ್ಕೆಜೋಳವನ್ನು ತುಳಸಿಯ ಬಳಗದ ಬೇಸಿಲ್ ಎಲೆಯೊಂದಿಗೆ ರುಬ್ಬಿ ಕಾಯಿಸಿದ ಹಿಟ್ಟು. ಒಲೆಯಲ್ಲಿಟ್ಟು ಮೇಲ್ಪದರ ಕೆಂಪಗಾಗುವವರೆಗೆ ಸುಡುತ್ತಾರೆ. ಜೋಳದ ಸಿಹಿ, ಎಲೆಯ ಹಸಿರು ಘಮ ಎರಡೂ ಕಾರ್ಮೆನೇರ್‌ನ ಹಸಿರು ಗುಣದೊಂದಿಗೆ ಕೂಡಿಕೊಳ್ಳುತ್ತವೆ. ಅದೇ ಮಾಂಸದ ಹೂರಣವನ್ನು ಕಡುಬಿನ ಹಾಗೆ ಹಿಟ್ಟಿನಲ್ಲಿ ಮಡಿಸಿ ಸುಟ್ಟರೆ ಎಂಪನಾದಾ. ಮಾಂಸ ತಿನ್ನದವರಿಗೆ ಹಸಿ ಅವರೆಜಾತಿಯ ಕಾಳು, ಸಿಹಿಗುಂಬಳ, ಮೆಕ್ಕೆಜೋಳ ಹಾಕಿ ಬೇಯಿಸುವ ಪೊರೊತೊಸ್ ಗ್ರನಾದೊಸ್ ಇದೆ. ಇವಕ್ಕೆಲ್ಲ ಮೆರ್ಕೆನ್ ಎಂಬ ಪುಡಿ ಉದುರಿಸಬಹುದು: ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಹುರಿದ ಕೊತ್ತಂಬರಿ ಬೀಜ, ಉಪ್ಪು. ದಕ್ಷಿಣದ ಮಾಪುಚೆ ಜನರ ಅಡುಗೆಮನೆಯಿಂದ ಬಂದದ್ದು ಅದು. ಈ ವೈನಿನ ಒಗರು ಮೆತ್ತಗಿರುವುದರಿಂದ ಖಾರದೊಂದಿಗೆ ಜಗಳಕ್ಕೆ ಬೀಳುವುದಿಲ್ಲ.

ಈ ಹೊಂದಾಣಿಕೆ ಅನಾದಿಯಿಂದ ಬಂದದ್ದೆಂದು ತಿಳಿಯಬೇಕಿಲ್ಲ. ಬೋರ್ಡೊ ಬಳ್ಳಿಯ ವೈನು ಶ್ರೀಮಂತರ ಮೇಜಿಗೆಂದು ಮಾಡಿದ್ದು, ಆ ಮೇಜಿನ ಮೇಲಿದ್ದದ್ದು ಫ್ರೆಂಚ್ ಅಡುಗೆ. ಮೆಕ್ಕೆಜೋಳ, ಕಾಳು, ಮೆರ್ಕೆನ್ ತೋಟದ ಆಚೆಬದಿಯ ಗುಡಿಸಲುಗಳ ಊಟ. ಅಲ್ಲಿ ಕುಡಿಯುತ್ತಿದ್ದದ್ದು ಪಯೀಸ್. ಯಜಮಾನನ ಬಳ್ಳಿಯೂ ಆಳಿನ ಊಟವೂ ಒಂದೇ ಮೇಜಿಗೆ ಬಂದು ಅದಕ್ಕೆ ರಾಷ್ಟ್ರೀಯ ರುಚಿ ಎಂಬ ಹೆಸರು ಬಿದ್ದದ್ದು ತೀರ ಈಚಿನ ಮಾತು.

ನವೆಂಬರ್ 24ನ್ನು ಈಗ ಕಾರ್ಮೆನೇರ್ ದಿನವೆಂದು ಆಚರಿಸುತ್ತಾರೆ. ಬೂರ್ಸಿಕೋ ಅವರ ಕಣ್ಣಿಗೆ ಸಲ್ಲಬೇಕಾದ ಗೌರವ ಅದು, ಸಲ್ಲಲಿ. ಆದರೆ ಆ ದಿನಕ್ಕೆ ಮೊದಲೇ ಹುಟ್ಟಿದ್ದ "ಮೆರ್ಲೊ ಚಿಲೆನೊ" ಎಂಬ ಆ ಎರಡು ಪದಗಳನ್ನು ಇನ್ನೊಮ್ಮೆ ಓದಬೇಕು. ಮೊದಲ ಪದ ಲೆಕ್ಕದ ಪುಸ್ತಕ ಕೊಟ್ಟದ್ದು, ಅದು ತಪ್ಪು. ಎರಡನೆಯದನ್ನು ಸೇರಿಸಿದವರು ತೋಟದವರು. ಇದು ಆ ಮೆರ್ಲೊ ಅಲ್ಲ, ನಮ್ಮಲ್ಲಿರುವ ಬೇರೆಯದು ಎಂದು ಅವರಿಗೆ ಎಟುಕಿದ ಒಂದು ಪದದಲ್ಲಿ ಹೇಳಿಟ್ಟಿದ್ದರು. ದಾಖಲೆಗಳಲ್ಲಿ ಇಂಥ ಹೆಚ್ಚುವರಿ ಪದವೊಂದು ಕಂಡಾಗ ಅದನ್ನು ಆಡುಮಾತಿನ ಅಲಂಕಾರವೆಂದು ದಾಟಿ ಹೋಗುವುದು ಸುಲಭ. ಪಟ್ಟಿಯಲ್ಲಿ ಜಾಗ ಸಿಗದವರ ಸಾಕ್ಷ್ಯ ಎಷ್ಟೋ ಸಲ ಉಳಿದಿರುವುದು ಅಂಥ ಒಂದು ಪದದಲ್ಲೇ.